ಏಳು ಗಾಡಿಗೆ ಒಂದು ಜೊತೆ ಕಣ್ಣು

ಮೊಳಕಾಲ್ಮೂರು
೧೯೦೯ನೇ ಇಸವಿ, ನವೆಂಬರ್ ೧೮

ಚಳ್ಳಕೆರೆಯಲ್ಲಿರುವ ಅಳಿಯ ಸಣ್ಣತಿಮ್ಮಪ್ಪನಿಗೆ ಸೋದರಮಾವ ಕ್ಯಾತಣ್ಣ ಬರೆಸಿದ ಕಾಗದ.

ನಾವೆಲ್ಲ ಚೆನ್ನಾಗಿದ್ದೇವೆ. ನೀನು ಚೆನ್ನಾಗಿ ನಿದ್ದೆ ಮಾಡುತ್ತಿರುವುದನ್ನು ನಮ್ಮ ಬೀದಿಯವರೆಲ್ಲ ಕಣ್ಣಾರೆ ನೋಡಿದ್ದಾರೆ. ಆದ್ದರಿಂದ ನಿನ್ನ ಕ್ಷೇಮ ವಿಚಾರಿಸುವ ಅಗತ್ಯವಿಲ್ಲ.

ಮಂಡಿ ಸೋಮಶೇಖರಪ್ಪನವರು ಬಳ್ಳಾರಿಗೆ ಮುಟ್ಟಿಸು ಎಂದು ಏಳು ಗಾಡಿ ಕಂಬಳಿ ಹೇರಿಸಿ, ಮೊಟ್ಟಮೊದಲ ಬಾರಿಗೆ ಮುಂದಿನ ಗಾಡಿಯನ್ನು ನಿನ್ನ ಕೈಗೆ ಕೊಟ್ಟರು. ಮುಂದಿನ ಗಾಡಿ ಎಂದರೆ ಏನು ಎಂದು ನಿನಗೆ ಹೇಳಿಕೊಡಬೇಕೆ? ಹಿಂದಿನ ಆರು ಗಾಡಿಯವರು ಮಲಗಬಹುದು. ಅವರ ಎತ್ತುಗಳು ಮುಂದಿನ ಗಾಡಿಯ ಬೆನ್ನು ಹಿಡಿದು ಬರುತ್ತವೆ. ಮುಂದಿನವನು ಮಾತ್ರ ಕಣ್ಣು ಮುಚ್ಚುವಂತಿಲ್ಲ. ನೀನು ಬಿ.ಜಿ. ಕೆರೆಯಲ್ಲಿ ಮಧ್ಯಾಹ್ನದ ಮುದ್ದೆ ಉಂಡು ಗಾಡಿ ಹತ್ತಿದವನು ಕಣ್ಣು ಬಿಟ್ಟದ್ದು ಸಂಜೆ, ನನ್ನ ಮನೆಯ ಮುಂದೆ. ಹಾನಗಲ್ಲಿನಲ್ಲಿ ನೆಟ್ಟಗೆ ರಾಂಪುರದ ಕಡೆಗೆ ಹೋಗಬೇಕಾದ ಎತ್ತುಗಳು ಬಲಕ್ಕೆ ತಿರುಗಿ ಮೊಳಕಾಲ್ಮೂರಿಗೆ ಬಂದವು. ಅವುಗಳ ತಪ್ಪಿಲ್ಲ. ಕೆಂದ, ಬೂದ ಇಬ್ಬರೂ ನನ್ನ ಕೊಟ್ಟಿಗೆಯಲ್ಲಿ ಬೆಳೆದು ನಿನ್ನ ಕೈ ಸೇರಿದವರು. ನಮ್ಮ ಮನೆಯ ಹುರುಳಿ ನೆನಪಾಯಿತು, ಬಂದರು. ಹಿಂದೆ ಆರು ಗಾಡಿ, ಆರು ಗೊರಕೆ.

ನಮ್ಮ ಬೀದಿಯಲ್ಲಿ ಏಳು ಗಾಡಿ ಹಿಂದಕ್ಕೂ ಹೋಗದೆ ಮುಂದಕ್ಕೂ ಹೋಗದೆ ಸಿಕ್ಕಿಕೊಂಡದ್ದನ್ನು ನೋಡಿ ಎದುರುಮನೆ ಬೋರಕ್ಕ ಏನೆಂದಳು ಗೊತ್ತೆ? "ಏನ್ ಕ್ಯಾತಣ್ಣ, ಇನ್ನೂ ಲಗ್ನಾನೇ ಕಟ್ಟಿಸಿಲ್ಲ, ಆಗ್ಲೇ ಏಳು ಗಾಡಿ ದಿಬ್ಬಣ ಬಂದೈತೆ! ಮದುವೆಗಂಡು ಮಾತ್ರ ಬಾಯಿ ಬಿಟ್ಕಂಡು ಮಲಗವ್ನೆ!"

ನಗುವವರು ನಗಲಿ. ನನಗೆ ನಗು ಬರಲಿಲ್ಲ. ಬಿ.ಜಿ. ಕೆರೆ ದಾಟಿದ ಮೇಲೆ ಸಿಗುವ ಹಳ್ಳದ ಇಳಿಜಾರನ್ನು ನೀವು ಏಳು ಜನವೂ ನಿದ್ದೆಯಲ್ಲೇ ಇಳಿದು ಬಂದಿದ್ದೀರಿ.

ಹೊನ್ನಕ್ಕನನ್ನು ನಿನಗೆ ಕೊಡುವ ಮಾತು ಸದ್ಯಕ್ಕೆ ನಿಂತಿದೆ. ಯುಗಾದಿಯೊಳಗೆ ಎಂಟು ಸಲ ಮುಂದಿನ ಗಾಡಿ ಹೊಡೆದು, ಒಮ್ಮೆಯೂ ತೂಕಡಿಸದೆ ಬಳ್ಳಾರಿ ಮುಟ್ಟಿಸಿ ತೋರಿಸು. ಒಂದೇ ಒಂದು ಸಲ ಕಣ್ಣು ಮುಚ್ಚಿದರೂ ರಾಂಪುರದಿಂದ ಕೇಳಿಬಂದಿರುವ ಮನೆಗೆ ಅವಳನ್ನು ಕೊಡುತ್ತೇನೆ. ಎರಡನೆಯ ಗಾಡಿಯ ಮಾರಯ್ಯನಿಗೆ ಆವತ್ತು ತಾನೂ ಮಲಗಿದ್ದಕ್ಕೆ ನಾಚಿಕೆಯಾಗಿದೆ. ಇನ್ನು ಮೇಲೆ ಅವನು ನಿನ್ನ ಬೆನ್ನು ನೋಡಿಕೊಂಡೇ ಬರುತ್ತಾನೆ, ನೋಡಿದ್ದನ್ನು ನನಗೆ ಹೇಳುತ್ತಾನೆ.

ಇಂತಿ ನಿನ್ನ ಮಾವ,
ಕ್ಯಾತಣ್ಣ

ಭಾವ, ಇಲ್ಲಿಂದ ಮುಂದಿನದು ಅಪ್ಪ ಹೇಳಿದ್ದಲ್ಲ. ಅಪ್ಪನಿಗೆ ಓದಲು ಬರೆಯಲು ಬರುವುದಿಲ್ಲ ಎಂಬುದು ನಿನಗೆ ಗೊತ್ತೇ ಇದೆ. ನಮ್ಮ ಜಗಲಿಯ ಮೇಲೆ ಶಾಲೆ ನಡೆಸುತ್ತಿದ್ದ ಮೇಷ್ಟರು ನನಗೆ ಕಲಿಸಿದ ಅಕ್ಷರ ಈಗ ಕೆಲಸಕ್ಕೆ ಬಂತು. ಅಪ್ಪ ಬೈದದ್ದರಲ್ಲಿ ಅರ್ಧವನ್ನು ಬಿಟ್ಟು, ಉಳಿದದ್ದನ್ನು ಮರ್ಯಾದೆಯ ಮಾತಿಗೆ ತಿರುಗಿಸಿದ್ದೇನೆ. ಆವತ್ತು ನಿನ್ನ ತುಟಿಯ ಮೇಲೆ ನೊಣ ಕೂತಿತ್ತು. ಸೆರಗಿನಿಂದ ಓಡಿಸಿದವಳು ನಾನು. ರಾಂಪುರದ ಗಂಡಿಗೆ ಸ್ವಂತ ಗಾಡಿಯಿಲ್ಲ, ಆದ್ದರಿಂದ ನಿದ್ದೆ ಮಾಡಿದರೂ ಯಾರಿಗೂ ತೊಂದರೆಯಿಲ್ಲ. ಆದರೂ ಅವನು ನನಗೆ ಬೇಡ. ಎಚ್ಚರವಾಗಿರು.
ಹೊನ್ನಕ್ಕ


ಚಳ್ಳಕೆರೆ
೧೯೦೯, ಡಿಸೆಂಬರ್ ೨

ಮಾವನವರ ಪಾದಗಳಿಗೆ ಸಣ್ಣತಿಮ್ಮಪ್ಪನ ನಮಸ್ಕಾರ.

ನಿಮ್ಮ ಕಾಗದವನ್ನು ಅವ್ವನಿಗೆ ಓದಿ ಹೇಳಿದೆ. ಅವಳು "ನಮ್ಮಣ್ಣ ಹೇಳಿದ್ರಾಗೆ ಏನ್ ತಪ್ಪೈತೆ?" ಎಂದು ನಿಮ್ಮ ಪಕ್ಷ ಸೇರಿದಳು. ಸೋಮಶೇಖರಪ್ಪನವರು ನನ್ನನ್ನು ತೆಗೆದೇಬಿಡುತ್ತಿದ್ದರು. ಆರೂ ಜನ ಗಾಡಿಯವರು ಹೋಗಿ, ನಾವೂ ಮಲಗಿದ್ದೆವು ಎಂದು ಒಪ್ಪಿಕೊಂಡ ಮೇಲೆ ಯುಗಾದಿಯವರೆಗೆ ನೋಡೋಣ ಎಂದಿದ್ದಾರೆ.

ಮೊದಲ ಸಲ ಹೋಗಿ ಬಂದೆ. ನಿದ್ದೆ ಮಾಡಲಿಲ್ಲ, ಮಾರಯ್ಯನನ್ನು ಕೇಳಿ. ಆದರೆ ಪಟ್ಟ ಪಾಡು ನನಗೇ ಗೊತ್ತು. ರಾತ್ರಿಯೆಲ್ಲ ನನಗೆ ಕಣ್ಣು ಚೆನ್ನಾಗಿರುತ್ತದೆ. ಮಧ್ಯಾಹ್ನ ಮುದ್ದೆ ಹೊಟ್ಟೆಗೆ ಇಳಿದು, ಬಿಸಿಲು ನೆತ್ತಿಗೆ ಏರಿ, ಕೆಂದ ಬೂದರ ಕೊರಳ ಗೆಜ್ಜೆ ಒಂದೇ ಸಮ ಕೇಳಲು ಶುರುವಾದರೆ ಮುಗಿಯಿತು. ತಳಕಿನ ಸಂತೆಯಲ್ಲಿ ನಶ್ಯ ಕೊಂಡು ಏರಿಸಿದೆ. ಸೀನು ಬಂದು ಎತ್ತುಗಳು ಬೆದರಿ ಓಡಿದವು. ಹಸಿಮೆಣಸಿನಕಾಯಿ ಕಚ್ಚಿಕೊಂಡು ಕೂತೆ. ಅದೇ ಕೈಯಲ್ಲಿ ಕಣ್ಣು ಒರೆಸಿಕೊಂಡು, ನೀರು ಸುರಿಯುವ ಕಣ್ಣಿನಲ್ಲೇ ಅರ್ಧ ಹರದಾರಿ ಗಾಡಿ ಹೊಡೆದೆ. ಕೊನೆಗೆ ಜುಟ್ಟನ್ನು ಗಾಡಿಯ ಕಮಾನಿಗೆ ಕಟ್ಟಿದೆ. ತಲೆ ವಾಲಿದರೆ ಜುಟ್ಟು ಎಳೆದು ಎಚ್ಚರವಾಗಲಿ ಎಂದು. ಎಚ್ಚರವೇನೋ ಆಯಿತು. ಆದರೆ ರಾಂಪುರದಲ್ಲಿ ಗಾಡಿ ನಿಂತಾಗ ಕಟ್ಟಿದ್ದು ಮರೆತು ಕೆಳಕ್ಕೆ ಧುಮುಕಿದೆ. ಉಳಿದದ್ದನ್ನು ಮಾರಯ್ಯ ಹೇಳಿಯೇ ಇರುತ್ತಾನೆ.

ಇನ್ನೂ ಏಳು ಸಲ ಉಳಿದಿದೆ. ನಿಮ್ಮ ಅನುಭವದಲ್ಲಿ ಏನಾದರೂ ಉಪಾಯವಿದ್ದರೆ ದಯವಿಟ್ಟು ಬರೆಸಬೇಕು.

ಇಂತಿ ನಿಮ್ಮ ಅಳಿಯ,
ಸಣ್ಣತಿಮ್ಮಪ್ಪ

ಕಾಗದ ಓದುವವರಿಗೆ ಒಂದು ಮಾತು: ಇಲ್ಲಿಗೆ ಮುಗಿಯಿತು ಎಂದು ಮಾವನಿಗೆ ಹೇಳಿ ಕಾಗದ ಮಡಿಸಬೇಕು. ಹೊನ್ನಕ್ಕ, ನೊಣ ಓಡಿಸಿದ್ದಕ್ಕೆ ಏನು ಹೇಳಬೇಕೋ ತಿಳಿಯುತ್ತಿಲ್ಲ. ಒಂದು ವಾರದಿಂದ ಯೋಚಿಸುತ್ತಿದ್ದೇನೆ. ನೀನು ಅಷ್ಟು ಹತ್ತಿರ ಬಂದಾಗ ನಾನು ನಿದ್ದೆ ಮಾಡುತ್ತಿದ್ದೆನಲ್ಲ, ಆ ನಿದ್ದೆಯ ಮೇಲೆ ನಿನ್ನ ಅಪ್ಪನಿಗಿಂತ ನನಗೇ ಹೆಚ್ಚು ಸಿಟ್ಟು.


ಮೊಳಕಾಲ್ಮೂರು
೧೯೦೯, ಡಿಸೆಂಬರ್ ೨೧

ಅಳಿಯ ಸಣ್ಣತಿಮ್ಮಪ್ಪನಿಗೆ,

ಜುಟ್ಟಿನ ಸಮಾಚಾರ ಮಾರಯ್ಯ ಹೇಳಿದ. ನಿನ್ನ ಅತ್ತೆ ನಕ್ಕು ನಕ್ಕು ಒಲೆಯ ಮೇಲಿನ ಸಾರು ಉಕ್ಕಿಸಿದಳು. ಕೂದಲಿಗೂ ನಿದ್ದೆಗೂ ಸಂಬಂಧವಿಲ್ಲ. ಜುಟ್ಟನ್ನು ಅದರ ಪಾಡಿಗೆ ಬಿಡು.

ಉಪಾಯ ಕೇಳಿದ್ದೀಯ. ಮಧ್ಯಾಹ್ನ ಅರ್ಧ ಮುದ್ದೆ ಉಣ್ಣು, ಇನ್ನರ್ಧವನ್ನು ಸಂಜೆಗೆ ಇಟ್ಟುಕೋ. ಕಣ್ಣು ಭಾರವಾದ ಕೂಡಲೇ ಕೆಳಗಿಳಿದು ಎತ್ತಿನ ಪಕ್ಕದಲ್ಲಿ ನಡೆ. ತಡೆಯಲಾರದಷ್ಟು ಬಂದರೆ ಸಾಲನ್ನು ಮರದ ಕೆಳಗೆ ನಿಲ್ಲಿಸಿ, ಎಲ್ಲರಿಗೂ ಹೇಳಿ, ಒಂದು ಗಳಿಗೆ ಮಲಗಿ ಎದ್ದು ಹೊರಡು. ನಿಲ್ಲಿಸಿ ಮಲಗಿದವನನ್ನು ನಾನು ತಪ್ಪು ಎಣಿಸುವುದಿಲ್ಲ. ಹೋಗುವ ಗಾಡಿಯ ಮೇಲೆ ಮಲಗುವವನೇ ಬೇರೆ.

ಇದನ್ನು ಯಾಕೆ ಇಷ್ಟು ಹೇಳುತ್ತೇನೆ ಎಂದರೆ, ಹದಿನೆಂಟು ವರ್ಷದ ಹಿಂದೆ ನನ್ನ ಹತ್ತಿರ ಗೌರ ಎಂಬ ಎತ್ತಿತ್ತು. ಮನೆಯ ಯಜಮಾನ ಅದೇ ಎಂಬ ಹಾಗಿತ್ತು. ಬಿ.ಜಿ. ಕೆರೆಯ ಆಚೆಯ ಆ ಇಳಿಜಾರಿನಲ್ಲೇ, ನಾನು ಮಲಗಲಿಲ್ಲ, ಎರಡು ಸಲ ಕಣ್ಣು ಮುಚ್ಚಿ ತೆರೆದೆ ಅಷ್ಟೆ. ಎರಡನೆಯ ಸಲ ತೆರೆದಾಗ ಗಾಡಿ ಹಳ್ಳದಲ್ಲಿ ಮಗುಚಿತ್ತು, ಗೌರ ಅದರ ಅಡಿಯಲ್ಲಿತ್ತು. ಆವತ್ತಿನಿಂದ ಗಾಡಿಯ ಮೇಲೆ, ನಾನು ಹೊಡೆಯಲಿ ಬಿಡಲಿ, ನನಗೆ ನಿದ್ದೆ ಬಂದಿಲ್ಲ.

ಇಂತಿ,
ಕ್ಯಾತಣ್ಣ

ಭಾವ, ಇಷ್ಟು ಹೇಳಿ ಅಪ್ಪ ಎದ್ದು ಕೊಟ್ಟಿಗೆಗೆ ಹೋದ. ಗೌರನ ಕೊರಳ ಗಂಟೆ ಇನ್ನೂ ಅಲ್ಲಿ ಗೂಟಕ್ಕೆ ತೂಗಿದೆ. ಅವನು ಹಟ ಹಿಡಿದಿರುವುದು ಬೀದಿಯವರು ನಕ್ಕರೆಂದಲ್ಲ, ಹೆದರಿಕೆಯಿಂದ. ಅದು ನಿನಗೆ ತಿಳಿದಿರಲಿ.

ಈಗ ನನ್ನ ಮಾತು. ನಾನು ಹಾನಗಲ್ಲಿನ ಆಚೆಗೆ ಒಂದು ಹೆಜ್ಜೆಯೂ ಇಟ್ಟವಳಲ್ಲ. ಚಳ್ಳಕೆರೆಗೆ ಸೊಸೆಯಾಗಿ ಬರಬೇಕಾದರೆ ಆ ದಾರಿಯಲ್ಲೇ ಬರಬೇಕು. ದಾರಿಯಲ್ಲಿ ಏನೇನಿದೆ ಎಂದು ನನಗೆ ಬರೆ. ಸುಮ್ಮನೆ ಮರ, ಗುಡ್ಡ ಎಂದು ಬರೆದರೆ ಒಪ್ಪುವುದಿಲ್ಲ. ಯಾವ ಮರ, ಯಾವ ಕಡೆಗೆ, ಅದರ ಪಕ್ಕದಲ್ಲಿ ಏನು, ಎಲ್ಲವೂ ಬೇಕು. ಒಂದೇ ಸಲಕ್ಕೆ ಬೇಡ. ಒಂದು ಕಾಗದಕ್ಕೆ ಒಂದು ತುಂಡು ದಾರಿ ಸಾಕು. ಮೊದಲು ಬಿ.ಜಿ. ಕೆರೆಯಿಂದ ಹಾನಗಲ್ಲಿನವರೆಗೆ, ಮಧ್ಯಾಹ್ನದ ಹೊತ್ತಿನದು.
ಹೊನ್ನಕ್ಕ


ಚಳ್ಳಕೆರೆ
೧೯೧೦, ಜನವರಿ ೧೬

ಮಾವನವರಿಗೆ ನಮಸ್ಕಾರ. ಮೂರು ಸಲ ಆಯಿತು, ಐದು ಉಳಿದಿದೆ. ಅರ್ಧ ಮುದ್ದೆಯ ಉಪಾಯ ಒಳ್ಳೆಯದು. ಗೌರನ ವಿಷಯ ಓದಿದ ಮೇಲೆ ಆ ಇಳಿಜಾರಿನಲ್ಲಿ ಕೆಳಗಿಳಿದು, ಕೆಂದನ ಕೊರಳ ಮೇಲೆ ಕೈಯಿಟ್ಟು ನಡೆದೇ ಇಳಿಯುತ್ತೇನೆ. ಎಲ್ಲರೂ ಕ್ಷೇಮ.

ನಿಮ್ಮ ಅಳಿಯ,
ಸಣ್ಣತಿಮ್ಮಪ್ಪ

ಮುಗಿಯಿತು ಎಂದು ಹೇಳಿದೆಯಾ? ಹಾಗಾದರೆ ಕೇಳು ಹೊನ್ನಕ್ಕ.

ಬಿ.ಜಿ. ಕೆರೆ ಬಿಟ್ಟ ಕೂಡಲೇ ಎಡಕ್ಕೆ ಒಂದು ಹುಣಸೆಮರ. ಅದರ ಒಂದು ಕೊಂಬೆ ದಾರಿಯ ಮೇಲಕ್ಕೆ ಚಾಚಿದೆ. ಹತ್ತಿ ಹೇರಿದ ಗಾಡಿ ಅದರ ಕೆಳಗೆ ಹೋದರೆ ಕೊಂಬೆ ಒಂದು ಹಿಡಿ ಹತ್ತಿಯನ್ನು ಕಿತ್ತುಕೊಳ್ಳುತ್ತದೆ, ಆದ್ದರಿಂದ ಸುಗ್ಗಿಯಲ್ಲಿ ಆ ಮರ ಹೂ ಬಿಟ್ಟಂತೆ ಬೆಳ್ಳಗಿರುತ್ತದೆ. ನಾನು ಇಷ್ಟು ವರ್ಷ ಅದರ ಕೆಳಗೇ ಹೋಗಿದ್ದೇನೆ, ಈ ಸಲವೇ ನೋಡಿದ್ದು. ಆಮೇಲೆ ಬಲಕ್ಕೆ ಕುರಿ ಕಾಯುವವರ ಒಂದು ರೊಪ್ಪ, ಅದರ ಮುಳ್ಳುಬೇಲಿಯ ಮೇಲೆ ಯಾವಾಗಲೂ ಒಂದು ಕರಿ ಕಂಬಳಿ ಒಣಗುತ್ತಿರುತ್ತದೆ. ಆಮೇಲೆ ನಾಲ್ಕು ಬೇವಿನ ಮರ. ಆಮೇಲೆ ಹಳ್ಳದ ಇಳಿಜಾರು. ಇಳಿಜಾರಿನ ಎಡ ಅಂಚಿನಲ್ಲಿ ಸುಣ್ಣ ಬಳಿದ ಮೂರು ಕಲ್ಲು ನೆಟ್ಟಿದ್ದಾರೆ, ಚಕ್ರ ಆಚೆಗೆ ಹೋಗಬಾರದೆಂದು. ಹಳ್ಳ ದಾಟಿ ದಿಬ್ಬ ಏರಿದರೆ ಬರೀ ಹುಲ್ಲುಗಾವಲು. ಹೋದ ವಾರ ಅಲ್ಲಿ ಚಿಗರೆ ಹಿಂಡು ದಾರಿಗೆ ಅಡ್ಡ ಜಿಗಿಯಿತು. ಎಣಿಸಲು ಶುರುಮಾಡಿದೆ, ಮೂವತ್ತೊಂದಕ್ಕೆ ಲೆಕ್ಕ ತಪ್ಪಿತು. ದೂರದಲ್ಲಿ ಕುರಿಮರಿಯಷ್ಟು ಎತ್ತರದ ಎರೆಲಡ್ಡು ಹಕ್ಕಿ ಒಂದು ನಮ್ಮ ಏಳು ಗಾಡಿಯನ್ನೂ ಕತ್ತು ತಿರುಗಿಸಿ ನೋಡಿ, ನಿಧಾನವಾಗಿ ನಡೆದುಕೊಂಡು ಹೋಯಿತು. ನಮ್ಮ ಸೋಮಶೇಖರಪ್ಪನವರೂ ಮಂಡಿಯಲ್ಲಿ ಹಾಗೆಯೇ ನಡೆಯುತ್ತಾರೆ.

ಇದೆಲ್ಲ ನೋಡುವಷ್ಟರಲ್ಲಿ ಹಾನಗಲ್ಲು ಬಂದುಬಿಟ್ಟಿತು. ತೂಕಡಿಕೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಇನ್ನೊಂದು ಮಾತು. ಹಾನಗಲ್ಲಿನಲ್ಲಿ ಕೆಂದ, ಬೂದ ಈಗಲೂ ಬಲಕ್ಕೇ ಎಳೆಯುತ್ತವೆ. ಹಗ್ಗ ಹಿಡಿದು ನೆಟ್ಟಗೆ ಹೊಡೆಯುವಾಗ ನನಗೂ ಸ್ವಲ್ಪ ಕಷ್ಟವಾಗುತ್ತದೆ.


ಮೊಳಕಾಲ್ಮೂರು
೧೯೧೦, ಫೆಬ್ರವರಿ ೧೩

ಅಳಿಯ ಸಣ್ಣತಿಮ್ಮಪ್ಪನಿಗೆ,

ನೀನು ಐದು ಸಲವೂ ನಿದ್ದೆ ಮಾಡಲಿಲ್ಲ ಎಂದು ಮಾರಯ್ಯ ನನ್ನ ತಲೆಯ ಮೇಲೆ ಕೈಯಿಟ್ಟು ಹೇಳಿದ. ಸಂತೋಷ. ಆದರೆ ಅವನು ಇನ್ನೊಂದು ವಿಷಯವನ್ನೂ ಹೇಳಿದ. ಅದನ್ನು ಕೇಳಿ ನನಗೆ ಬೇರೆ ಯೋಚನೆ ಹತ್ತಿದೆ.

"ಕ್ಯಾತಣ್ಣ, ನಿನ್ನಳಿಯ ಎಚ್ಚರವಾಗಿ ಅವ್ನೆ, ಆದ್ರೆ ಸರಿಯಾಗಿಲ್ಲ. ಗಾಡಿ ಮೇಲೆ ಒಬ್ನೇ ಮಾತಾಡ್ತಾನೆ. ಬೇವಿನ ಮರಕ್ಕೆ ಬೆರಳು ತೋರ್ಸಿ ಎಣಿಸ್ತಾನೆ. ಒಂದು ಕಂಬಳಿ ನೋಡಿ ನಗ್ತಾನೆ. ಮೊನ್ನೆ ಗಾಡಿ ನಿಲ್ಸಿ ಇಳಿದು, ಹುಣಸೆಮರದ ಸುತ್ತ ಒಂದು ಸುತ್ತು ಬಂದು ಮತ್ತೆ ಹತ್ತಿದ. ಯಾರಿಗಾದ್ರೂ ತೋರ್ಸು" ಎಂದ.

ನಿದ್ದೆಗೆಟ್ಟು ನಿನಗೆ ತಲೆ ಕೆಟ್ಟಿದ್ದರೆ ಅದು ನನ್ನ ಹಟದಿಂದಲೇ ಆದದ್ದು. ಹಾಗಿದ್ದರೆ ನಾಚಿಕೊಳ್ಳದೆ ಬರೆ. ಉಳಿದ ಮೂರು ಸಲ ಬಿಟ್ಟುಬಿಡೋಣ. ಆದರೆ ಆಮೇಲೆ ಮಗಳನ್ನು ಕೊಡುವ ಮಾತನ್ನು ಮಾತ್ರ ನಾನು ಇನ್ನೊಮ್ಮೆ ಯೋಚಿಸಬೇಕಾಗುತ್ತದೆ.

ಇಂತಿ,
ಕ್ಯಾತಣ್ಣ

ಭಾವ, ಮಾರಯ್ಯ ಇದನ್ನು ಹೇಳುವಾಗ ನಾನು ಬಾಗಿಲ ಹಿಂದೆ ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದೆ. ನೀನು ಹುಚ್ಚನಲ್ಲ, ನನಗಾಗಿ ಬಾಯಿಪಾಠ ಮಾಡುತ್ತಿದ್ದೀಯ ಎಂದು ಹೇಳಿಬಿಡೋಣ ಅನ್ನಿಸಿತು. ಹೇಳಿದರೆ ಇಷ್ಟು ದಿನದ ಕಳ್ಳತನವೆಲ್ಲ ಹೊರಗೆ ಬರುತ್ತದೆ. ಏನು ಮಾಡಲಿ?

ಅದಿರಲಿ, ದಾರಿಯ ಮೊದಲ ಕಾಗದದಲ್ಲಿ ನಾಲ್ಕು ಬೇವು ಎಂದಿದ್ದೆ. ನಾಲ್ಕನೆಯ ಸಲ ಹೋಗಿ ಬಂದು ಬರೆದ ಕಾಗದದಲ್ಲಿ ಐದು ಎಂದಿದ್ದೀಯ. ಎರಡರಲ್ಲಿ ಒಂದು ಸಲ ನಿದ್ದೆ ಮಾಡಿದ್ದೀಯ. ಯಾವಾಗ?
ಹೊನ್ನಕ್ಕ


ಚಳ್ಳಕೆರೆ
೧೯೧೦, ಮಾರ್ಚ್ ೨೨

ಮಾವನವರ ಪಾದಗಳಿಗೆ ಸಣ್ಣತಿಮ್ಮಪ್ಪನ ನಮಸ್ಕಾರ.

ಎಂಟನೆಯ ಸಲ ಮೊನ್ನೆ ಮುಗಿಯಿತು. ಈ ಸಲ ಹಳ್ಳದ ಹತ್ತಿರ ನಡೆದದ್ದನ್ನು ಮಾರಯ್ಯ ಹೇಳುವ ಮೊದಲು ನಾನೇ ಬರೆಯುತ್ತೇನೆ.

ಹಿಂದಿನ ವಾರ ಬಿ.ಜಿ. ಕೆರೆಯ ಸುತ್ತ ಒಂದು ಅಕಾಲದ ಮಳೆ ಬಂದಿತ್ತಂತೆ. ನಾವು ಹೋದಾಗ ದಾರಿಯೆಲ್ಲ ಒಣಗಿ, ಮಳೆಯ ಗುರುತೇ ಇರಲಿಲ್ಲ. ಮಧ್ಯಾಹ್ನ ಅರ್ಧ ಮುದ್ದೆ ಉಂಡು ಹೊರಟೆವು. ಇಳಿಜಾರಿನ ಹತ್ತಿರ ಬಂದಾಗ ಎಂದಿನಂತೆ ಎಡ ಅಂಚಿನ ಬಿಳಿ ಕಲ್ಲುಗಳನ್ನು ಎಣಿಸಿದೆ. ಎರಡೇ ಇದ್ದವು. ನನಗೆ ತಿಳಿದಂತೆ ಅಲ್ಲಿರಬೇಕಾದದ್ದು ಮೂರು. ಕೂಡಲೇ ಹಗ್ಗ ಜಗ್ಗಿ ಕೂಗಿ ನಿಲ್ಲಿಸಿದೆ. ಹಿಂದಿನ ಗಾಡಿಗಳು ಒಂದಕ್ಕೊಂದು ತಾಗಿ ನಿಂತವು, ಐದು ಜನ ಬಯ್ದುಕೊಂಡು ಎದ್ದರು.

"ಯಾಕ್ಲೇ ನಿಲ್ಸಿದೆ? ಕಲ್ಲು ಎಣಿಸಾಕಾ?" ಎಂದ ಮಾರಯ್ಯ.

"ಒಂದು ಕಲ್ಲು ಇಲ್ಲ, ಮಾರಯ್ಯ" ಎಂದೆ.

ಇಳಿದು ನಡೆದು ನೋಡಿದೆವು. ಮೂರನೆಯ ಕಲ್ಲು ಹಳ್ಳದ ತಳದಲ್ಲಿ ಬಿದ್ದಿತ್ತು. ಅದು ನಿಂತಿದ್ದ ಅಂಚು ಒಳಗಿನಿಂದ ಕೊರೆದು ಹೋಗಿ, ಮೇಲೆ ಮಾತ್ರ ಒಣ ಮಣ್ಣಿನ ಪದರ ಉಳಿದಿತ್ತು. ಮಾರಯ್ಯ ಬಾರುಕೋಲಿನ ತುದಿಯಿಂದ ಒತ್ತಿದ, ಒಂದು ಗಾಡಿಯಷ್ಟು ಅಗಲ ಸರಕ್ಕನೆ ಜಾರಿತು. ನಾವು ಎತ್ತು ಬಿಚ್ಚಿ, ಬಲಗಡೆಯ ಮಣ್ಣಿನ ಏರು ಅಗೆದು ದಾರಿ ಮಾಡಿ, ಒಂದೊಂದೇ ಗಾಡಿಯನ್ನು ಕೈಯಲ್ಲಿ ಹಿಡಿದು ಇಳಿಸಿದೆವು. ಸಂಜೆಯಾಯಿತು. ಏಳು ಗಾಡಿ, ಹದಿನಾಲ್ಕು ಎತ್ತು, ಎಲ್ಲರೂ ಕ್ಷೇಮ.

ಕಾಗದ ಓದುವವರು ಇಲ್ಲಿ ನಿಲ್ಲಿಸಬಾರದು. ಮುಂದಿನದನ್ನೂ ಮಾವನವರಿಗೆ ಓದಿ ಹೇಳಬೇಕು. ಬಿಡಬಾರದು.

ಮಾವ, ನನ್ನ ತಲೆ ಕೆಟ್ಟಿಲ್ಲ. ನಾನು ನಿದ್ದೆಯನ್ನು ಗೆದ್ದವನೂ ಅಲ್ಲ. ಒಬ್ಬರು ನನಗೆ ದಾರಿ ನೋಡಿ ಹೇಳು ಎಂದು ಕೇಳಿದರು. ಅವರಿಗೆ ಹೇಳಬೇಕಲ್ಲ ಎಂದು ನೋಡಿದೆ. ನಾಲ್ಕು ಬೇವೋ ಐದು ಬೇವೋ ಎಂದು ಅವರು ಜಗಳ ತೆಗೆದರು. ತಪ್ಪು ಬರೆಯಬಾರದು ಎಂದು ಎಣಿಸಿದೆ. (ನಾಲ್ಕು ಬೇವು, ಒಂದು ಹೊಂಗೆ. ತಪ್ಪು ನನ್ನದೇ.) ಆ ಕಲ್ಲನ್ನು ಎಣಿಸಿದ್ದೂ ಅವರಿಗಾಗಿ. ಇದನ್ನು ಮುಚ್ಚಿಟ್ಟು ನಿಮ್ಮ ಹತ್ತಿರ ಶಹಬ್ಬಾಸ್ ಅನ್ನಿಸಿಕೊಳ್ಳುವುದು ಸರಿಯಲ್ಲ. ನಿಮಗೆ ತಿಳಿಯದ ಹಾಗೆ ನಿಮ್ಮ ಕಾಗದದ ಕೆಳಗೇ ಇದೆಲ್ಲ ನಡೆಯಿತು, ಅದಕ್ಕೆ ನನ್ನನ್ನು ಬೈಯಿರಿ. ಮಗಳನ್ನು ಕೊಡದಿದ್ದರೂ ನೀವು ಹೇಳಿದ್ದು ನ್ಯಾಯವೇ. ಕೊಟ್ಟರೆ, ಆ ದಾರಿಯನ್ನು ಅವಳಿಗೆ ಕಣ್ಣಾರೆ ತೋರಿಸಬೇಕೆಂಬ ಆಸೆ ನನಗೆ ಬಹಳವಿದೆ.

ಇಂತಿ ನಿಮ್ಮ ಅಳಿಯ,
ಸಣ್ಣತಿಮ್ಮಪ್ಪ


ಮೊಳಕಾಲ್ಮೂರು
೧೯೧೦, ಮಾರ್ಚ್ ೩೦

ಅಳಿಯ ಸಣ್ಣತಿಮ್ಮಪ್ಪನಿಗೆ ಆಶೀರ್ವಾದ.

ನಿನ್ನ ಕಾಗದ ಓದಿಸಿದೆ. ಕೊನೆಯ ಭಾಗಕ್ಕೆ ಬಂದಾಗ ಓದುವವಳಿಗೆ ಕೆಮ್ಮು ಬಂತು, ಆಮೇಲೆ ಕಣ್ಣಲ್ಲಿ ನೀರು ಬಂತು, ಆಮೇಲೆ ಅವಳ ಅವ್ವನಿಗೂ ಬಂತು. ನಾನು ನಡುವೆ ಕೂತು ಓದು ಓದು ಎನ್ನುತ್ತಿದ್ದೆ.

ಬಿದ್ದ ಕಲ್ಲನ್ನು ನೋಡಿದವರು ಉಂಟು. ಇಲ್ಲದ ಕಲ್ಲನ್ನು ನೋಡಿದವನು ನೀನೊಬ್ಬನೇ. ಹದಿನೆಂಟು ವರ್ಷದಿಂದ ಆ ಇಳಿಜಾರು ನನ್ನ ಎದೆಯ ಮೇಲೆ ಕೂತಿತ್ತು. ಈಗ ಸ್ವಲ್ಪ ಹಗುರಾಯಿತು.

ವೈಶಾಖದಲ್ಲಿ ಲಗ್ನ ಕಟ್ಟಿಸಿದ್ದೇನೆ. ನಿನ್ನ ಅವ್ವ ಚಿಕ್ಕಕ್ಕನಿಗೆ ಹೇಳು, ಅವಳ ಅಣ್ಣ ಮಾತಿಗೆ ತಪ್ಪುವವನಲ್ಲ ಎಂದು. ಏಳು ಗಾಡಿಯನ್ನೂ ಕರೆದುಕೊಂಡು ಬಾ. ಈ ಸಲ ಎತ್ತುಗಳು ಬಲಕ್ಕೆ ತಿರುಗಿದರೆ ಹಗ್ಗ ಜಗ್ಗಬೇಡ. ಗಂಡು ಮಾತ್ರ ಎಚ್ಚರವಾಗಿ ಬರಲಿ.

ಇಂತಿ ನಿನ್ನ ಮಾವ,
ಕ್ಯಾತಣ್ಣ

ಭಾವ, ಇವತ್ತು ಕೆಳಗೆ ಬರೆಯಲು ನನ್ನ ಹತ್ತಿರ ಏನೂ ಇಲ್ಲ. ಎದುರಿಗೇ ಹೇಳುತ್ತೇನೆ.


ಚಳ್ಳಕೆರೆ
೧೯೧೦, ಜೂನ್ ೧

ಪ್ರೀತಿಯ ಅಪ್ಪನಿಗೆ ಮಗಳು ಹೊನ್ನಕ್ಕನ ನಮಸ್ಕಾರ.

ನೀನು, ಅವ್ವ ನಮ್ಮನ್ನು ಇಲ್ಲಿ ಬಿಟ್ಟು ಹೋಗಿ ಹತ್ತು ದಿನವಾಯಿತು. ಅತ್ತೆ ಚಿಕ್ಕಕ್ಕ ನನ್ನನ್ನು ಒಲೆಯ ಹತ್ತಿರ ಬಿಡುವುದಿಲ್ಲ, ಮೊದಲು ನಿಮ್ಮೂರಿನ ಸುದ್ದಿ ಹೇಳು ಎನ್ನುತ್ತಾರೆ. ಕೆಂದ, ಬೂದ ನನ್ನ ಧ್ವನಿ ಕೇಳಿದರೆ ಹುಲ್ಲು ಬಿಟ್ಟು ಎದ್ದು ನಿಲ್ಲುತ್ತವೆ. ನಾನು ಸುಖವಾಗಿದ್ದೇನೆ. ಬರೆಯುವಾಗ ಕೈ ಸುಮ್ಮನೆ ನಗುತ್ತದೆ, ಅಷ್ಟು ಸುಖವಾಗಿದ್ದೇನೆ.

ಈ ಕಾಗದವನ್ನು ನಿನಗೆ ಯಾರು ಓದಿ ಹೇಳುತ್ತಾರೋ ಗೊತ್ತಿಲ್ಲ. ಅದನ್ನು ನೆನೆದರೆ ಮಾತ್ರ ಸ್ವಲ್ಪ ಬೇಜಾರು. ಓದುವವರು ಯಾರೇ ಆಗಿರಲಿ, ದಯವಿಟ್ಟು ಮುಂದಿನದನ್ನು ಮೆಲ್ಲಗೆ, ಅಪ್ಪನ ಕಿವಿಗೆ ಮಾತ್ರ ಕೇಳುವಂತೆ ಓದಬೇಕು.

ಅಪ್ಪ, ದಿಬ್ಬಣದ ದಿನ ನಡೆದದ್ದು ಒಂದು ಹೇಳಬೇಕು. ಮೂರು ದಿನದ ಮದುವೆ, ಯಾರಿಗೂ ಸರಿಯಾಗಿ ನಿದ್ದೆಯಿಲ್ಲ. ಹೊರಡುವಾಗ ಹೋಳಿಗೆ ಊಟ ಬೇರೆ. ಅವರು ಮುಂದಿನ ಗಾಡಿಯಲ್ಲಿ ಹಗ್ಗ ಹಿಡಿದು ಕೂತು, ನೋಡು ಅಲ್ಲಿ, ನೋಡು ಇಲ್ಲಿ ಎಂದು ತೋರಿಸುತ್ತಲೇ ಇದ್ದರು. ಹಾನಗಲ್ಲು ಇನ್ನೂ ಒಂದು ಕೂಗಿನಷ್ಟು ದೂರವಿತ್ತು, "ಈಗ ನೋಡು, ಎಡಕ್ಕೆ..." ಎಂದರು. ಎಡಕ್ಕೆ ಏನು ಎಂದು ಹೇಳಲಿಲ್ಲ. ತಿರುಗಿ ನೋಡಿದರೆ ತಲೆ ಕಮಾನಿಗೆ ವಾಲಿತ್ತು. ಬಾಯಿ ತೆರೆದಿತ್ತು. ನೊಣ ಇರಲಿಲ್ಲ.

ಎಬ್ಬಿಸೋಣ ಎಂದುಕೊಂಡೆ. ಹಿಂದೆ ನೋಡಿದರೆ ಆರು ಗಾಡಿಯಲ್ಲೂ ತಲೆಗಳು ಅಲ್ಲಾಡುತ್ತಿದ್ದವು. ಎಬ್ಬಿಸಲಿಲ್ಲ, ಅಪ್ಪ. ಮೆಲ್ಲಗೆ ಅವರ ಕೈಯಿಂದ ಹಗ್ಗ ತೆಗೆದುಕೊಂಡೆ. ಚಿಕ್ಕವಳಿದ್ದಾಗ ನೀನೇ ಹೊಲದಿಂದ ಬರುವಾಗ ನನ್ನ ಕೈಗೆ ಕೊಡುತ್ತಿದ್ದೆಯಲ್ಲ, ಹಾಗೆ ಹಿಡಿದೆ. ಹಾನಗಲ್ಲಿನಲ್ಲಿ ಎತ್ತುಗಳು ರಾಂಪುರದ ರೂಢಿಯಿಂದ ಬಲಕ್ಕೆ ತಿರುಗಲು ನೋಡಿದವು. ಎಡಕ್ಕೆ ಎಳೆದೆ. ಬಂದವು. ಅಲ್ಲಿಂದ ಮುಂದೆ ನಾನು ಒಂದು ಸಲವೂ ನೋಡದ ದಾರಿ, ಆದರೆ ಎಲ್ಲವೂ ನನಗೆ ಗೊತ್ತಿತ್ತು. ಹುಲ್ಲುಗಾವಲು ಬಂತು. ಹಳ್ಳ ಬಂತು. ಮೂರನೆಯ ಕಲ್ಲನ್ನು ಮತ್ತೆ ನೆಟ್ಟು ಸುಣ್ಣ ಬಳಿದಿದ್ದಾರೆ. ನಮಗೆ ಅದು ಬಲಗಡೆ ಬಂತು, ಮೂರನ್ನೂ ಎಣಿಸಿದೆ. ಅಲ್ಲಿ ಕೆಳಗಿಳಿದು, ಸೀರೆ ಎತ್ತಿ ಕಟ್ಟಿ, ಕೆಂದನ ಕೊರಳ ಮೇಲೆ ಕೈಯಿಟ್ಟು ನಡೆದು ದಾಟಿಸಿದೆ. ಆಮೇಲೆ ನಾಲ್ಕು ಬೇವು, ಒಂದು ಹೊಂಗೆ. ಬೇಲಿಯ ಮೇಲೆ ಕರಿ ಕಂಬಳಿ. ಅದನ್ನು ನೋಡಿ ನಾನೂ ನಕ್ಕೆ.

ಹುಣಸೆಮರದ ಕೆಳಗೆ ಬಂದಾಗ ಅವರನ್ನು ಎಬ್ಬಿಸಿ ಹಗ್ಗ ಕೊಟ್ಟೆ. "ಹಾನಗಲ್ಲು ಬಂತಾ?" ಎಂದು ಕೇಳಿದರು. "ಬಿ.ಜಿ. ಕೆರೆ ಬಂತು" ಎಂದೆ. ಆ ಮುಖ ನೀನು ನೋಡಬೇಕಿತ್ತು.

ಯಾರಿಗೂ ಗೊತ್ತಿಲ್ಲ. ಎರಡನೆಯ ಗಾಡಿಯಲ್ಲಿ ನೀನೂ ಗೊರಕೆ ಹೊಡೆಯುತ್ತಿದ್ದೆ. ಸಾಲಿನಲ್ಲಿ ಎಚ್ಚರವಿದ್ದವಳು ನಾನೊಬ್ಬಳೇ. ಅವರನ್ನು ಬೈಯಬೇಡ, ಎಂಟು ಸಲದ ಲೆಕ್ಕಕ್ಕೆ ಇದನ್ನು ಸೇರಿಸಬೇಡ.

ಇಂತಿ ನಿನ್ನ ಮಗಳು,
ಹೊನ್ನಕ್ಕ


ಮೊಳಕಾಲ್ಮೂರು
೧೯೧೦ ಆಗಸ್ಟ್ ೨೧

ಮಗಳು ಹೊನ್ನಕ್ಕಂಗೆ ಅಪ್ಪ ಕ್ಯಾತಣ್ಣ.

ಇದು ನಾನೇ ಬರೆದಿದ್ದು. ಮೇಷ್ಟ್ರ ಹಂಗೆ ಬರೆಯಾಕೆ ನಂಗೆ ಬರಲ್ಲ. ಮಾತಾಡ್ದಂಗೆ ಬರ್ದೀನಿ.

ನಿನ್ನ ಕಾಗದ ಬಂದು ಎರಡು ತಿಂಗಳ ಮೇಲಾತು. ಅಷ್ಟು ದಿನ ರುಮಾಲಿನ ಮಡಿಕೇಲಿ ಇತ್ತು. ಊರಾಗೆ ಓದೋರು ಅವ್ರೆ. ಮಗಳ ಕಾಗದ ಬೇರೆಯೋರ ಬಾಯಾಗೆ ಯಾಕೆ ಕೇಳ್ಬೇಕು ಅಂತ ಯಾರಿಗೂ ಕೊಡ್ಲಿಲ್ಲ. ಮೇಷ್ಟ್ರ ತಾವ ದಿನಾ ಸಂಜೆ ಕೂತು ಅಕ್ಷರ ಕಲಿತೆ. ಜೊತೆಗೆ ಕೂರೋ ಹುಡುಗ್ರು ನಕ್ರು. ನಗ್ಲಿ. ಮೊನ್ನೆ ನಿನ್ನ ಕಾಗದ ನಾನೇ ಓದ್ದೆ. ಎರಡು ದಿನ ಹಿಡೀತು.

ನೀನು ಕೆಳಗೆ ಬರೀತಿದ್ದಿದ್ದು ನಂಗೆ ಮೊದ್ಲಿಂದ ಗೊತ್ತು. ನಾನು ಹೇಳೋದು ನಾಲ್ಕು ಮಾತು, ನಿನ್ನ ಕೈ ಅರ್ಧ ದಿನ ಓಡ್ತಿತ್ತು. ಹುಡುಗ ನಿದ್ದೆ ಮಾಡ್ಬಾರ್ದು ಅಂತ ನಂಗೂ ಇತ್ತಲ್ಲ. ಸುಮ್ನಿದ್ದೆ.

ಇನ್ನೊಂದು ಮಾತು. ಸಾಲಿನಾಗೆ ನೀನೊಬ್ಳೇ ಎಚ್ಚರ ಇರ್ಲಿಲ್ಲ. ಹಾನಗಲ್ಲಿನ ತಾವ ನಿನ್ನ ಗಂಡನ ತಲೆ ವಾಲಿದ್ದು ನಾನು ನೋಡ್ದೆ. ಕೂಗಾಕೆ ಬಾಯಿ ತೆಗೆದೆ. ಅಷ್ಟ್ರಾಗೆ ನೀನು ಹಗ್ಗ ತಗೊಂಡೆ. ಎಡಕ್ಕೆ ತಿರುಗ್ಸಿದೆ. ಹಳ್ಳದಾಗೆ ಇಳಿದು ನಡೆದೆ. ಅದೆಲ್ಲ ನೋಡ್ದೆ. ಆ ಇಳಿಜಾರು ದಾಟೋಗಂಟ ಉಸ್ರು ಬಿಡ್ಲಿಲ್ಲ.

ದಾಟಿದ ಮೇಲೆ ಕಣ್ಣು ಮುಚ್ಕೊಂಡೆ. ಗೌರ ಹೋದ ಮೇಲೆ ಗಾಡಿ ಮೇಲೆ ನಂಗೆ ನಿದ್ದೆ ಬಂದಿದ್ದು ಅವತ್ತೇ.

ಕೆಳಗೆ ನಿಮ್ಮವ್ವಂಗೆ ಜಾಗ ಬಿಟ್ಟೀನಿ. ಅವಳು ಹೇಳಿದ್ದು ನಾನೇ ಬರೀಬೇಕಂತೆ. "ಹೊನ್ನಕ್ಕ, ಗೊರಕೆ ಭಾಳ ಜೋರಿತ್ತು. ಒಂದಿನ ಬಂದು ಹೋಗು. ಬರೋವಾಗ ಗಾಡಿ ನೀನೇ ಹೊಡ್ಕಂಡು ಬಾ."

ನಿಮ್ಮಪ್ಪ
ಕ್ಯಾತಣ್ಣ